ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಅನ್ನು ಯಾರೂ ಪರೀಕ್ಷೆ ಮಾಡುವುದಿಲ್ಲವೇ?

‘ಪುಕ್ಕಟೆ ಸಿಗುವ ಲಿನಕ್ಸ್‌ಗೆ ಹೇಳುವವರು ಕೇಳುವವರು ಇಲ್ಲ, ಯಾರು ಬೇಕಾದರೂ ವೈರಸ್ ಸೇರಿಸಬಹುದು’ ಎಂಬ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಬಹುಪಾಲು ತಪ್ಪು, ಒಂದು ಚೂರು ಸತ್ಯ.

ಡೆಬಿಯನ್ ಅನ್ನೇ ತೆಗೆದುಕೊಳ್ಳೋಣ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಇದನ್ನು ಇಂದಿಗೂ ನಡೆಸುತ್ತಿರುವವರು ಸ್ವಯಂಸೇವಕರು. ಇನ್‌ಸ್ಟಾಲ್ ಮಾಡುವಾಗ ಕನ್ನಡವನ್ನೂ ಆರಿಸಿಕೊಳ್ಳಬಹುದು. 2023ರಲ್ಲಿ ಬಂದ 12ನೇ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಜನ ಕೂತು ಒಂದೊಂದನ್ನೇ ನೋಡುವುದು ಆಗದ ಮಾತು. ಅದಕ್ಕೇ ಆ ಕೆಲಸ ಯಂತ್ರಗಳದ್ದು.

ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆಯವರಿಗೆ ಇದು ಹಾಲಿನ ಡೇರಿ ನೆನೆದರೆ ಬೇಗ ತಿಳಿಯುತ್ತದೆ. ಡೇರಿಯಲ್ಲಿ ಒಬ್ಬೊಬ್ಬರ ಹಾಲನ್ನೂ ಪರೀಕ್ಷಿಸಿದ ಮೇಲೆಯೇ ಕ್ಯಾನಿಗೆ ಸುರಿಯುವುದು. ಬೆರೆತ ಮೇಲೆ ಕೆಟ್ಟಿದ್ದು ಯಾರ ಮನೆ ಹಾಲು ಎಂದು ಹುಡುಕುವುದು ಹೇಗೆ?

ಡೆಬಿಯನ್‌ನಲ್ಲೂ ಹಾಗೆಯೇ. ಸ್ವಯಂಸೇವಕರು ಸೋರ್ಸ್ ಕೋಡ್ ಕಳಿಸುತ್ತಾರೆ. ‘ಬಿಲ್ಡ್‌ಡಿ’ ಎಂಬ ಯಂತ್ರಗಳು ಅದನ್ನು ಏನೂ ಇಲ್ಲದ ಶುದ್ಧ ಜಾಗದಲ್ಲಿ ಮೊದಲಿನಿಂದ ಕಟ್ಟುತ್ತವೆ. ಶುದ್ಧ ಜಾಗವೇ ಯಾಕೆಂದರೆ, ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದೆಯಲ್ಲ’ ಎನ್ನುವವರ ಲ್ಯಾಪ್‌ಟಾಪಿನಲ್ಲಿ ಎಂದೋ ಹಾಕಿ ಮರೆತ ಯಾವುದೋ ಲೈಬ್ರರಿ ಇರುತ್ತದೆ. ಬೇರೆಯವರ ಬಳಿ ಅದು ಇರುವುದಿಲ್ಲ. ಆಮೇಲೆ ಇನ್ನೊಂದು ಸುತ್ತಿನ ಸ್ವಯಂಚಾಲಿತ ಪರೀಕ್ಷೆ. ಸಾಮಾನ್ಯವಾಗಿ 2ರಿಂದ 10 ದಿನ ಕಾದು, ತೊಂದರೆ ಕಾಣದಿದ್ದರೆ ಮುಂದಿನ ಹಂತ.

ಇದು ನಿಮ್ಮ ಫೋನಿಗೂ ಸಂಬಂಧಿಸಿದ್ದೇ. ಆಂಡ್ರಾಯ್ಡ್‌ನಲ್ಲಿ ಅಕ್ಷರಗಳನ್ನು ಜೋಡಿಸುವ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶದ ಪರೀಕ್ಷೆಗಳಲ್ಲಿ ಕನ್ನಡ ಲಿಪಿಯೂ ಇದೆ. ‘ಚನ್ನರಾಯಪಟ್ಟಣ’ ಎಂದು ಬರೆದರೆ ‘ನ್ನ’, ‘ಟ್ಟ’ಗಳ ಒತ್ತು ಕೆಳಗೆ ಬರಬೇಕಲ್ಲ? ಬದಲಾವಣೆಯೊಂದರಿಂದ ಇಂಥದ್ದು ಕೆಟ್ಟರೆ, ನಿಮ್ಮ ಕೈಗೆ ಬರುವ ಮೊದಲೇ ಯಂತ್ರ ಹಿಡಿಯಲಿ ಎಂಬುದೇ ಉದ್ದೇಶ.

ಇನ್ನು ಆ ಒಂದು ಚೂರು ಸತ್ಯ. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝೆಡ್’ ಎಂಬ ತಂತ್ರಾಂಶದಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ಅದನ್ನು ಬಚ್ಚಿಟ್ಟಿದ್ದು, ತಮಾಷೆ ನೋಡಿ, ಪರೀಕ್ಷೆಗೆಂದೇ ಇಟ್ಟ ಕಡತಗಳೊಳಗೆ! ಯಂತ್ರಗಳಿಗೆ ಅನುಮಾನ ಬರಲಿಲ್ಲ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಕಂಡುಹಿಡಿದರು. ಡೆಬಿಯನ್‌ನ ಪ್ರಯೋಗದ ಹಂತಗಳಿಗೆ ಅದು ಬಂದಿತ್ತು, ಜನ ಬಳಸುವ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಕೋಡ್ ಎಲ್ಲರಿಗೂ ತೆರೆದಿದ್ದರಿಂದಲೇ ಹೊರಗಿನವರೊಬ್ಬರು ಅಷ್ಟು ಆಳಕ್ಕೆ ಹೋಗಲು ಸಾಧ್ಯವಾಯಿತು ಎಂಬುದು ನಮ್ಮ ಅಭಿಪ್ರಾಯ.

ನಿಮ್ಮ ಮನೆಯಲ್ಲೂ ಇದನ್ನು ಮಾಡಬಹುದೇ? ಹಳೆಯ ಕಂಪ್ಯೂಟರ್ ಒಂದಿದ್ದರೆ ಖಂಡಿತ. ಮೊದಲಿಗೆ ಮೂರೇ ಕೆಲಸ ಸಾಕು: ಹೊಸ ಕೋಡ್ ಇಳಿಸಿಕೊಂಡು ಕಟ್ಟುವುದು, ವರ್ಚುವಲ್ ಯಂತ್ರದಲ್ಲಿ ಚಾಲೂ ಮಾಡುವುದು, ಲಾಗಿನ್ ಪರದೆ ಬಂತೇ ನೋಡುವುದು. ರಾತ್ರಿ ತಾನಾಗಿ ನಡೆಯುವಂತೆ ಹೊಂದಿಸಿ. ನಡುವೆ ಕರೆಂಟ್ ಹೋದರೆ ಅದು ‘ಅಪೂರ್ಣ’ ಎಂದು ದಾಖಲಾಗಬೇಕೇ ಹೊರತು ‘ವಿಫಲ’ ಎಂದಲ್ಲ. ಇಲ್ಲದಿದ್ದರೆ ಎಲ್ಲೋ ಕೂತ ಸ್ವಯಂಸೇವಕರೊಬ್ಬರು ಇಲ್ಲದ ದೋಷ ಹುಡುಕುತ್ತಾ ತಮ್ಮ ಭಾನುವಾರ ಕಳೆದುಕೊಳ್ಳುತ್ತಾರೆ.