ಆರು ರಸ, ಹದಿನೈದು ಜೋಡಿ

ಗಲಗಲಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಹೈಸ್ಕೂಲಿನ ಹುಡುಗನೊಬ್ಬ ಕೇಳಿದ: “ಸರ, ಈ ಸಂಭವನೀಯತೆ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿತ್ತೇನ್ರಿ?”

“ಅರ್ಧ ಗೊತ್ತಿತ್ತಪ್ಪಾ” ಎಂದೆ. ರಾಷ್ಟ್ರಕೂಟ ನೃಪತುಂಗನು ಈ ನಾಡನ್ನಾಳುತ್ತಿದ್ದ 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಆರು ರಸಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದೆಂಬುದು ಅದರಲ್ಲಿಯ ಒಂದು ಪ್ರಶ್ನೆ. ಎರಡೆರಡಾಗಿ ಕೂಡಿಸಿದರೆ 15 ಜೋಡಿ. ಅವುಗಳಲ್ಲಿ ಸಿಹಿಯುಳ್ಳವು 5. ರಸಗಳ ಹೆಸರು ಬರೆದ ಆರು ಚೀಟಿಗಳಿಂದ ಕಣ್ಣುಮುಚ್ಚಿ ಎರಡನ್ನು ಎತ್ತಿದರೆ, ಸಿಹಿ ಬರುವ ಸಂಭವ 15ರಲ್ಲಿ 5, ಎಂದರೆ ಮೂರರಲ್ಲೊಂದು.

ಬಗೆಗಳನ್ನೆಣಿಸುವ ವಿದ್ಯೆ ನಮ್ಮಲ್ಲಿತ್ತು. ಅದೃಷ್ಟವನ್ನೇ ಅಳೆಯುವ ಗಣಿತಕ್ಕೆ ತಳಹದಿಯಾದದ್ದು, ಜೂಜಿನ ಪಣವನ್ನು ಹಂಚುವ ಬಗ್ಗೆ ಫ್ರಾನ್ಸಿನ ಪಾಸ್ಕಲ್, ಫರ್ಮಾ ಇವರು 1654ರಲ್ಲಿ ನಡೆಸಿದ ಪತ್ರವ್ಯವಹಾರ. ಮಕ್ಕಳಿಗೆ ಎರಡನ್ನೂ ಹೇಳಬೇಕು. ಅರ್ಧ ಹೇಳಿದರೆ ಬರಿಯ ಹೆಮ್ಮೆ, ಇಲ್ಲವೆ ಬರಿಯ ಅಂಜಿಕೆ.