ಕೊಡ, ಮೊಳಕೆ, ಹೊಡೆ: ದೇವಿಪೂಜೆಯಲ್ಲಿರುವ ಗರ್ಭವನ್ನು ಓದುವುದು ಹೇಗೆ?

ಆಯುಧಪೂಜೆಯ ಹಿಂದಿನ ದಿನ ಮಡಿವಾಳ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಳೆಕಂದು, ಮಾವಿನಸೊಪ್ಪು, ಸೇವಂತಿಗೆ, ರಸ್ತೆವರೆಗೂ ಚಾಚಿದ ಬೂದುಗುಂಬಳದ ಗುಡ್ಡೆಗಳು. ಮರುದಿನ ಅದೇ ಕಾಯಿಗಳು ರಸ್ತೆ ಮೇಲೆ ಒಡೆದು ಬಿದ್ದಿರುತ್ತವೆ, ನಾವು ಬೈಕ್ ಜಾರದಂತೆ ನೋಡಿಕೊಂಡು ಹೋಗುತ್ತೇವೆ. ಆ ಕಾಯಿಗೆ ಸಂಸ್ಕೃತದಲ್ಲಿ ಕೂಷ್ಮಾಂಡ ಅಂತ ಹೆಸರು. ನವದುರ್ಗೆಯರಲ್ಲಿ ನಾಲ್ಕನೆಯವಳ ಹೆಸರೂ ಕೂಷ್ಮಾಂಡಾ. ಬ್ರಹ್ಮಾಂಡವೆಂಬ ಮೊಟ್ಟೆಯನ್ನು ಸೃಷ್ಟಿಸಿದವಳು ಎಂದು ಆ ಹೆಸರನ್ನು ಬಿಡಿಸಿ ಹೇಳುತ್ತಾರೆ. ಐದನೆಯವಳು ಸ್ಕಂದಮಾತೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ.

ಇದೇ ಹೊತ್ತಿಗೆ ಪ್ರತಿವರ್ಷ ನಮ್ಮ ಫ್ಯಾಮಿಲಿ ಗ್ರೂಪಿಗೆ ದೊಡ್ಡಮ್ಮನಿಂದ ಒಂದು ಫಾರ್ವರ್ಡ್ ಬರುತ್ತದೆ: ನವರಾತ್ರಿಯ ಒಂಬತ್ತು ರಾತ್ರಿ ಎಂದರೆ ಗರ್ಭದ ಒಂಬತ್ತು ತಿಂಗಳು, ನಮ್ಮ ಪೂರ್ವಜರಿಗೆ ಭ್ರೂಣಶಾಸ್ತ್ರ ಪೂರ್ತಿ ಗೊತ್ತಿತ್ತು. ಎಂಜಿನಿಯರಿಂಗ್ ಓದಿದವನಾದ್ದರಿಂದ ಮೊದಲೆಲ್ಲ ನಗುವ ಎಮೋಜಿ ಹಾಕಿ ಸುಮ್ಮನಾಗುತ್ತಿದ್ದೆ. ಆಮೇಲೆ ಅನಿಸಿತು, ಈ ನಗು ಸೋಮಾರಿತನ. ಫಾರ್ವರ್ಡಿನ ಎರಡನೇ ಅರ್ಧ ತಪ್ಪು. ಆದರೆ ದೇವಿಪೂಜೆಯ ನಡುವೆ ಗರ್ಭ ಇದೆ ಅನ್ನೋದು ನಿಜ. ಅದು ಎಲ್ಲೆಲ್ಲಿ, ಹೇಗೆ ಇದೆ ಎಂದು ಒಂದೊಂದಾಗಿ ನೋಡೋಣ.

ಕೊಡ

ದೇವಿಯನ್ನು ಮೂರ್ತಿ ಇಲ್ಲದೆಯೂ ಪೂಜಿಸಬಹುದು, ಕೊಡವೊಂದಿದ್ದರೆ ಸಾಕು. ವರಮಹಾಲಕ್ಷ್ಮಿಯ ಕಲಶ ನೋಡಿ: ಉಬ್ಬಿದ ಹೊಟ್ಟೆಯ ಪಾತ್ರೆ, ಒಳಗೆ ನೀರು, ಬಾಯಲ್ಲಿ ಎಲೆ, ಮೇಲೆ ತೆಂಗಿನಕಾಯಿ. ನೀರು ತುಂಬಿದ ಹೊಟ್ಟೆಯಿಂದ ಹಸಿರು ಹೊರಬರುತ್ತಿದೆ. ಗುಡಿಯ ಭಾಷೆಯೂ ಇದೇ. ಮಡಿವಾಳದ ಸೋಮೇಶ್ವರ ದೇವಸ್ಥಾನಕ್ಕೆ ಹೋದರೂ ಒಳಗಿನ ಕತ್ತಲ ಕೋಣೆಯನ್ನು ನಾವು ಗರ್ಭಗುಡಿ ಎಂದೇ ಕರೆಯುತ್ತೇವೆ.

ಬೆಂಗಳೂರಿನಲ್ಲಿ ಇದರ ದೊಡ್ಡ ರೂಪ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ತಿಗಳ (ವಹ್ನಿಕುಲ ಕ್ಷತ್ರಿಯ) ಸಮುದಾಯ ಚೈತ್ರ ಹುಣ್ಣಿಮೆಗೆ ನಡೆಸುವ ಉತ್ಸವ ಇದು. ತಲೆತಲಾಂತರದಿಂದ ತೋಟಗಾರಿಕೆ ಮಾಡಿಕೊಂಡು ಬಂದ ಜನ. ರಾಕ್ಷಸನ ಸಂಹಾರಕ್ಕೆ ದ್ರೌಪದಿ ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿದಳು ಎಂಬುದು ಕಥೆ. ಗಂಡಿನ ನೆರವಿಲ್ಲದೆ ಒಂದು ಸೈನ್ಯವನ್ನೇ ಹುಟ್ಟಿಸಿದ ಹೆಣ್ಣು. ಆಕೆ ನೆಲೆಸುವುದು ಕರಗದಲ್ಲಿ. ಮುಖ್ಯ ದಿನಕ್ಕೆ ಮುಂಚೆ ಬರುವ ಹಸಿ ಕರಗ ಸುಡದ ಮಣ್ಣಿನದು, ಅಂದರೆ ಇನ್ನೂ ಗಟ್ಟಿಯಾಗದ ಜೀವ. ಅದನ್ನು ಹೊರುವ ಗಂಡಸು ಸೀರೆಯುಟ್ಟು, ಬಳೆ ತೊಟ್ಟು, ಹೆಂಡತಿಯ ತಾಳಿ ಧರಿಸಿ ಹೆಣ್ಣಾಗುತ್ತಾನೆ. ಆ ದಿನಗಳಲ್ಲಿ ಹೆಂಡತಿ ಕರಗವನ್ನು ನೋಡಬಾರದು ಎಂಬ ಕಟ್ಟಳೆ ಇದೆ. ಹೆಣ್ಣಾಗದೆ ದೇವಿಯನ್ನು ಹೊರಲಾಗದು, ಆದರೆ ಮನೆಯ ಹೆಣ್ಣು ಮರೆಗೆ ಸರಿಯಬೇಕು. ಈ ವಿರೋಧವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮೊಳಕೆ

ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯ ಮೊದಲ ದಿನ ಘಟಸ್ಥಾಪನೆ. ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರು ತುಂಬಿದ ಘಟ ಇಡುತ್ತಾರೆ. ಒಂಬತ್ತು ದಿನ ದೀಪ ಆರಬಾರದು, ಮಣ್ಣು ಒಣಗಬಾರದು. ದಸರೆ ಹೊತ್ತಿಗೆ ಎತ್ತರಕ್ಕೆ ಬೆಳೆದ ಸಸಿ ಸಿದ್ಧ. ದೇವರಮನೆಯ ಮಬ್ಬಿನಲ್ಲಿ ಬೆಳಕು ಸಾಲದೆ ಅದು ಹಳದಿ ಬಣ್ಣಕ್ಕಿರುತ್ತದೆ. ದಕ್ಷಿಣದಲ್ಲಿ ಇದರ ಸಂಬಂಧಿ ಮದುವೆ, ಉತ್ಸವಗಳಿಗೆ ಮುಂಚೆ ನಡೆಯುವ ಅಂಕುರಾರ್ಪಣೆ.

ಇಲ್ಲಿ ಭ್ರೂಣ ಬರೀ ಹೋಲಿಕೆಯಲ್ಲ. ಪ್ರತಿ ಕಾಳಿನೊಳಗೂ ಸಸ್ಯದ ಭ್ರೂಣವೊಂದು ಮಲಗಿರುತ್ತದೆ, ಸುತ್ತ ಅದಕ್ಕೆ ಬೇಕಾದ ಆಹಾರ. ನೀರು ಕುಡಿದಾಗ ಕಾಳು ಉಬ್ಬುತ್ತದೆ, ಮೊದಲು ಬೇರಿನ ತುದಿ, ಆಮೇಲೆ ಚಿಗುರು. ನಮ್ಮ ಅಜ್ಜಿಯರಿಗೆ ಸೂಕ್ಷ್ಮದರ್ಶಕ ಇರಲಿಲ್ಲ. ಆದರೆ ಬಿತ್ತಿದ್ದು ಕತ್ತಲಲ್ಲಿ ಬೆಳೆಯುತ್ತದೆ, ಕೆದಕಿ ನೋಡಿದರೆ ಸಾಯುತ್ತದೆ ಅನ್ನೋದು ಗೊತ್ತಿತ್ತು.

ಹೊಡೆ

ಮನೆಯ ಘಟದಿಂದ ಹೊಲಕ್ಕೆ ಬರೋಣ. ಆಶ್ವಯುಜದ ಹುಣ್ಣಿಮೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ, ಬಯಲುಸೀಮೆಯಲ್ಲಿ ಸೀಗಿ ಹುಣ್ಣಿಮೆ. ಆ ಹೊತ್ತಿಗೆ ಭತ್ತದ ತೆನೆ ಇನ್ನೂ ಹೊರಬಂದಿರುವುದಿಲ್ಲ, ಎಲೆಯ ಒರೆಯೊಳಗೆ ಉಬ್ಬಿಕೊಂಡಿರುತ್ತದೆ. ರೈತರು ಅದನ್ನು ಹೊಡೆ ಎನ್ನುತ್ತಾರೆ. ಭೂಮಿ ಈಗ ಬಸುರಿ. ಬಸುರಿಗೆ ಬಯಕೆ ಇರುತ್ತದಲ್ಲ? ರಾತ್ರಿಯೆಲ್ಲ ಬಗೆಬಗೆಯ ಸೊಪ್ಪು, ತರಕಾರಿ ಬೇಯಿಸಿ, ಬೆಳಗಾಗುವ ಹೊತ್ತಿಗೆ ಗದ್ದೆಗೆ ಬಡಿಸುತ್ತಾರೆ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದು ಅದರಲ್ಲಿ ಎಡೆ ಒಯ್ಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ.

ತುಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ದಿನಗಳಲ್ಲಿ ಭೂಮಿ ಮುಟ್ಟಾಗಿರುತ್ತಾಳೆ. ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಯ ದಿನ ಹೆಂಗಸರು ಅವಳಿಗೆ ಎಣ್ಣೆ, ಅರಿಶಿನ, ಕುಂಕುಮ ಕೊಟ್ಟು ಉಪಚರಿಸುತ್ತಾರೆ. ಇಲ್ಲಿ ಮುಟ್ಟು ವಿಶ್ರಾಂತಿಯ ಹಕ್ಕು, ಮುಂದಿನ ಬೆಳೆಯ ಮೊದಲ ಸೂಚನೆ.

ಲಜ್ಜಾಗೌರಿ

ಕೊಡ ಮತ್ತು ಗರ್ಭ ಒಂದೇ ದೇಹವಾಗಿ ಕಾಣುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ, ಐಹೊಳೆ ಹತ್ತಿರದ ಸಿದ್ಧನಕೊಳ್ಳದಲ್ಲಿ ಚಾಲುಕ್ಯರ ಕಾಲದ ಲಜ್ಜಾಗೌರಿ ಶಿಲ್ಪಗಳಿವೆ. ತಲೆಯ ಜಾಗದಲ್ಲಿ ಕಮಲ, ಮಡಚಿ ಅಗಲಿಸಿದ ಕಾಲುಗಳು. ಹೆರುವ ಭಂಗಿಯೋ ಕೂಡುವ ಭಂಗಿಯೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಕಲಾ ಇತಿಹಾಸಕಾರ್ತಿ ಕ್ಯಾರಲ್ ರ‍್ಯಾಡ್‌ಕ್ಲಿಫ್ ಬೋಲನ್ ಈ ದೇವಿಯ ಬಗ್ಗೆಯೇ 1992ರಲ್ಲಿ ಪುಸ್ತಕ ಬರೆದು, ಕಮಲ ಹೊರಚಿಮ್ಮುವ ಪೂರ್ಣಘಟದ ಜೊತೆ ಆಕೆಯ ನಂಟನ್ನು ತೋರಿಸಿದರು. ಅಂದರೆ ವರಮಹಾಲಕ್ಷ್ಮಿಯ ಕಲಶಕ್ಕೆ ಕೈಕಾಲು ಬಂದಂತೆ. ಅದಕ್ಕೂ ಮೊದಲು, 1978ರಲ್ಲಿ, ಮರಾಠಿ ಸಂಶೋಧಕ ರಾ. ಚಿಂ. ಢೇರೆ ಆಕೆಯನ್ನು ಭೂದೇವಿಯ, ರೇಣುಕೆ–ಎಲ್ಲಮ್ಮನ ಪರಂಪರೆಯೊಳಗೆ ಇಟ್ಟು ಓದಿದ್ದರು.

ಮಕ್ಕಳಾಗಲಿ ಎಂದು ಹರಕೆ ಹೊರುವ ಹೆಂಗಸರು ಇವತ್ತಿಗೂ ಸಿದ್ಧನಕೊಳ್ಳಕ್ಕೆ ಬರುತ್ತಾರೆ. ಅವರಿಗಿಲ್ಲದ ನಾಚಿಕೆ ದೇವಿಯ ಹೆಸರಿನಲ್ಲಿದೆ. ಶಿಲ್ಪದಲ್ಲಂತೂ ಲಜ್ಜೆಯ ಸುಳಿವೂ ಇಲ್ಲ. ನಾಚಿಕೆ ನೋಡುವವರದು.

ಒಂಬತ್ತರ ಲೆಕ್ಕ

ಈಗ ದೊಡ್ಡಮ್ಮನ ಫಾರ್ವರ್ಡಿಗೆ ಬರೋಣ. ಚಾಂದ್ರಮಾಸ ಸುಮಾರು 29.5 ದಿನ. ಒಂಬತ್ತು ಚಾಂದ್ರಮಾಸಕ್ಕೆ 265.5 ದಿನ. ಗರ್ಭಧಾರಣೆಯಿಂದ ಹೆರಿಗೆವರೆಗೆ ಸರಾಸರಿ 266 ದಿನ. ನವಮಾಸ ಅನ್ನೋದು ಒಳ್ಳೆಯ ಲೆಕ್ಕವೇ. ಹೆಣ್ಣುಮಕ್ಕಳು ಚಂದ್ರನನ್ನು ನೋಡಿ ಎಣಿಸಿದ್ದು ಅದು.

ಗರ್ಭೋಪನಿಷತ್ತು ಇನ್ನೂ ವಿವರಕ್ಕೆ ಇಳಿಯುತ್ತದೆ: ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಗುಳ್ಳೆ, ಹದಿನೈದು ದಿನಕ್ಕೆ ಪಿಂಡ, ಎರಡು ತಿಂಗಳಿಗೆ ತಲೆ. ಹಂತಹಂತವಾಗಿ ಬೆಳೆಯುತ್ತದೆ ಎಂಬ ಊಹೆ ನಿಜಕ್ಕೂ ಚೆಂದ. ಆದರೆ ಅದೇ ಗ್ರಂಥ, ತಂದೆಯ ಬೀಜ ಹೆಚ್ಚಾದರೆ ಗಂಡು, ತಾಯಿಯದು ಹೆಚ್ಚಾದರೆ ಹೆಣ್ಣು ಎನ್ನುತ್ತದೆ. ಇದು ತಪ್ಪು. ಸಸ್ತನಿಯ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. ಲಿಂಗ ನಿರ್ಧಾರವಾಗುವುದು ಗಂಡಿನಿಂದ ಬರುವ ಕ್ರೋಮೋಸೋಮಿನಿಂದ ಎಂದು ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಕೀಟಗಳ ಅಧ್ಯಯನದಿಂದ ತೋರಿಸಿಕೊಟ್ಟಿದ್ದು 1905ರಲ್ಲಿ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವ ಮನೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಸಂಕೇತವನ್ನು ವಿಜ್ಞಾನದ ಪರೀಕ್ಷೆಗೆ ಕೂರಿಸಿದರೆ ಅದು ಫೇಲಾಗುತ್ತದೆ. ಅದಕ್ಕೆ ಆ ಪರೀಕ್ಷೆ ಬೇಕೂ ಇಲ್ಲ. ಗರ್ಭ ಹೇಗೆ ಕೆಲಸ ಮಾಡುತ್ತದೆ ಅನ್ನೋದು ವಿಜ್ಞಾನದ ಪ್ರಶ್ನೆ. ಗರ್ಭದ ಎದುರು ನಾವು ಹೇಗೆ ನಡೆದುಕೊಳ್ಳಬೇಕು ಅನ್ನೋದು ಕೊಡದ, ಮೊಳಕೆಯ, ಹೊಡೆಯ ಮಾತು.

ಹಾಗಾದರೆ ನಾವು ಹೇಗೆ ನಡೆದುಕೊಂಡಿದ್ದೇವೆ?

2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಲಿಂಗ ಪತ್ತೆ ನಡೆಸುತ್ತಿದ್ದರು ಎಂಬುದು ಆರೋಪ. ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ಬಂದದ್ದು 1994ರಲ್ಲಿ. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 948 ಹೆಣ್ಣು. ಭೂಮಿಗೆ ಬಯಕೆಯೂಟ ಬಡಿಸುವ, ಕಲಶಕ್ಕೆ ಸೀರೆಯುಡಿಸುವ ನಾಡಿನ ಲೆಕ್ಕ ಇದು. ಕೆಡ್ಡಸದಲ್ಲಿ ಭೂಮಿಯ ಮುಟ್ಟಿಗೆ ಅರಿಶಿನ ಕುಂಕುಮ ಕೊಡುವ ಸಮಾಜವೇ, ಮುಟ್ಟಾದ ಹುಡುಗಿಗೆ ದೇವರಮನೆ ಹತ್ತಿರ ಬರಬೇಡ ಎನ್ನುತ್ತದೆ.

ಇದನ್ನು ಕಂಡು, ಸಂಪ್ರದಾಯವೆಲ್ಲ ಬೂಟಾಟಿಕೆ ಅಂತ ಕೈತೊಳೆದುಕೊಳ್ಳುವ ಗೆಳೆಯರು ನನಗೂ ಇದ್ದಾರೆ. ನಾನು ಒಪ್ಪುವುದಿಲ್ಲ. ಘಟದ ಮಣ್ಣಿಗೆ ಬಿತ್ತುವಾಗ ಈ ಕಾಳು ಬೇಕು, ಈ ಕಾಳು ಬೇಡ ಅಂತ ಯಾರೂ ಮೊಳಕೆ ಬಗೆದು ನೋಡುವುದಿಲ್ಲ. ಈ ವಾದವನ್ನು ಯಾವುದೋ ಥಿಯರಿಯಿಂದ ತರಬೇಕಿಲ್ಲ, ದೊಡ್ಡಮ್ಮನ ದೇವರಮನೆಯಲ್ಲೇ ಇದೆ. ಅವರ ಜೊತೆ ಅವರ ಭಾಷೆಯಲ್ಲೇ ಮಾತಾಡಬಹುದು.

ಕಳೆದ ವರ್ಷ ಅತ್ತಿಗೆಯ ಸ್ಕ್ಯಾನಿಂಗಿಗೆ ಜೊತೆಗೆ ಹೋಗಿದ್ದೆ. ಕಾಯುವ ಕೋಣೆಯ ಗೋಡೆ ಮೇಲೆ ದುರ್ಗೆಯ ಕ್ಯಾಲೆಂಡರ್, ಅದರ ಪಕ್ಕದಲ್ಲೇ ಕಾನೂನಿನ ಪ್ರಕಾರ ಹಾಕಲೇಬೇಕಾದ ಬೋರ್ಡ್: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. ಕ್ಯಾಲೆಂಡರಿನ ಮಾತು ನಮಗೆ ಅರ್ಥವಾಗಿದ್ದರೆ ಆ ಬೋರ್ಡ್ ಬೇಕಾಗುತ್ತಿರಲಿಲ್ಲ. ಈ ಸಲದ ಫಾರ್ವರ್ಡಿಗೆ ಎಮೋಜಿ ಬದಲು ಇದನ್ನೇ ಬರೆದು ಕಳಿಸುತ್ತೇನೆ.