ಪೇಟೆ ರಸ್ತೆಯಿಂದ ಸೈಕಲ್ ಎಲ್ಲಿಗೆ ಹೋಯಿತು?

ಸೈಕಲ್‌ಗೂ ಲೈಸೆನ್ಸ್ ಬೇಕಿದ್ದ ಕಾಲ ಒಂದಿತ್ತು. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಇದ್ದರೆ ಕೇಳಿ ನೋಡಿ. ವರ್ಷಕ್ಕೊಮ್ಮೆ ಪುರಸಭೆಗೆ ದುಡ್ಡು ಕಟ್ಟಿ, ಅವರು ಕೊಡುವ ಪುಟ್ಟ ಬಿಲ್ಲೆಯನ್ನು ಸೈಕಲ್‌ಗೆ ಸಿಕ್ಕಿಸಿಕೊಳ್ಳಬೇಕಿತ್ತು. ಬಿಲ್ಲೆ ಇಲ್ಲದೆ ಪೇಟೆಗೆ ಹೋದರೆ ಹಿಡಿಯುತ್ತಿದ್ದರು. ಕತ್ತಲಾದ ಮೇಲೆ ದೀಪ ಇಲ್ಲದೆ ಹೋದರೂ ಹಿಡಿಯುತ್ತಿದ್ದರು. ಡೈನಮೊ ಕೊಳ್ಳಲು ಕಾಸಿಲ್ಲದವರು ಸಣ್ಣ ಸೀಮೆಎಣ್ಣೆ ದೀಪ ಕಟ್ಟಿಕೊಂಡು ಹೋಗುತ್ತಿದ್ದರು. ಹಿಂದೆ ಒಬ್ಬನನ್ನು ಕೂರಿಸಿಕೊಂಡು ಡಬಲ್ಸ್ ಹೋದರೆ ಅದಕ್ಕೂ ದಂಡ. ದೂರದಲ್ಲಿ ಪೊಲೀಸ್ ಟೋಪಿ ಕಂಡರೆ ಸಾಕು, ಕ್ಯಾರಿಯರ್ ಮೇಲೆ ಕೂತವನು ಜಿಗಿದಿಳಿದು ಏನೂ ಗೊತ್ತಿಲ್ಲದವನ ಹಾಗೆ ನಡೆಯತೊಡಗುತ್ತಿದ್ದ. ಸಿಕ್ಕಿಬಿದ್ದರೆ ಎರಡೂ ಚಕ್ರದ ಗಾಳಿ ಬಿಟ್ಟು ಕಳಿಸುವ ಪೊಲೀಸರೂ ಇದ್ದರು.

ಈಗ ಕೇಳಿದರೆ ನಗು ಬರುತ್ತದೆ. ಆದರೆ ಸರ್ಕಾರ ಯಾವುದಕ್ಕೆ ತೆರಿಗೆ ಹಾಕುತ್ತದೋ ಅದನ್ನು ಎಣಿಸಿಯೂ ಇಡುತ್ತದೆ. ಆಗ ಪೇಟೆ ರಸ್ತೆಯಲ್ಲಿ ಸೈಕಲ್ ಲೆಕ್ಕಕ್ಕಿತ್ತು. ಮುಂದೆ ಒಂದೊಂದೇ ಊರಿನಲ್ಲಿ ಈ ತೆರಿಗೆ ಹೋಯಿತು. ಬಡವರ ವಾಹನಕ್ಕೆ ತೆರಿಗೆ ಬೇಡ ಅಂದದ್ದು ಸರಿಯೇ. ಆದರೆ ಬಿಲ್ಲೆಯ ಜೊತೆಗೆ ಎಣಿಕೆಯೂ ಹೋಯಿತು ಅನ್ನುವುದು ನಮ್ಮ ಅನಿಸಿಕೆ.

ಇದನ್ನೆಲ್ಲ ಹುಡುಕಲು ನಮಗೆ ಒಂದು ಕಾರಣ ಇದೆ. 2006-07ರಿಂದ ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು. ನಮ್ಮಲ್ಲಿ ಹಲವರು ಆ ಸೈಕಲ್ ತುಳಿದೇ ಪಕ್ಕದೂರಿನ ಹೈಸ್ಕೂಲಿಗೆ ಹೋದವರು. ಮುಂದೆ ಓದಲು ಪೇಟೆಗೆ ಹೊರಟಾಗ ಸೈಕಲ್ ಊರಲ್ಲೇ ಉಳಿಯಿತು. ‘ಪೇಟೆಯಲ್ಲಿ ಸೈಕಲ್ ಓಡಿಸೋಕಾಗಲ್ಲ’ ಅಂತ ಎಲ್ಲರೂ ಹೇಳಿದರು, ನಾವೂ ಒಪ್ಪಿಕೊಂಡೆವು. ಓಡಿಸೋಕಾಗದ ಹಾಗೆ ಅದು ಯಾವಾಗ ಆಯಿತು? ತಾನಾಗಿಯೇ ಆಯಿತೋ, ಯಾರಾದರೂ ಮಾಡಿದರೋ?

ಸೈಕಲ್ ಹುಟ್ಟಿದ್ದು ಯುರೋಪಿನಲ್ಲಿ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬುವರು ಎರಡು ಚಕ್ರದ ಮರದ ಗಾಡಿ ಮಾಡಿದರು. ಅದಕ್ಕೆ ಪೆಡಲ್ ಇರಲಿಲ್ಲ, ನೆಲಕ್ಕೆ ಕಾಲು ಒದ್ದುಕೊಂಡು ಹೋಗಬೇಕಿತ್ತು. ಇವತ್ತು ನಮ್ಮ ಮನೆ ಮುಂದೆ ನಿಂತಿರುವ ಸೈಕಲ್‌ನ ಮಾದರಿ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯವರ ‘ರೋವರ್’ ಸೈಕಲ್‌ನಿಂದ. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದರು. ಅಲ್ಲಿಂದೀಚೆಗೆ ಮೂಲ ಕಟ್ಟು ಬದಲಾಗಿಲ್ಲ ಅಂದರೂ ತಪ್ಪಿಲ್ಲ.

ನಮ್ಮ ದೇಶಕ್ಕೆ ಮೊದಲು ಬಂದದ್ದೆಲ್ಲ ವಿಲಾಯ್ತಿ ಸೈಕಲ್ಲುಗಳು: ರ‍್ಯಾಲಿ, ಹಂಬರ್, ಬಿ.ಎಸ್.ಎ. ಮೊದಲು ದೊರೆಗಳು ಹತ್ತಿದರು, ಆಮೇಲೆ ವಕೀಲರು, ಗುಮಾಸ್ತರು, ಮೇಷ್ಟ್ರುಗಳು, ಅಂಚೆಯವರು. ಹಳ್ಳಿಯಲ್ಲಿ ಒಂದು ಸೈಕಲ್ ಇದ್ದ ಮನೆ ದೊಡ್ಡ ಮನೆ. ಮದುವೆ ಮಾತುಕತೆಯಲ್ಲಿ ವರನ ಕಡೆಯವರು ವಾಚು, ರೇಡಿಯೊ ಜೊತೆ ಸೈಕಲ್ಲನ್ನೂ ಕೇಳುತ್ತಿದ್ದ ಕಾಲ ತೀರಾ ಹಿಂದಿನದೇನಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸೈಕಲ್ ಇಲ್ಲೇ ಹೆಚ್ಚು ಹೆಚ್ಚಾಗಿ ತಯಾರಾಗತೊಡಗಿತು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಶುರುವಾಯಿತು. ಹರ್ಕ್ಯುಲಿಸ್ ಅಂದರೆ ನಿಮಗೆ ಗೊತ್ತಾಗುತ್ತದೆ. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ. ಬೆಲೆ ಕೂಲಿಯವನ ಕೈಗೂ ಎಟುಕುವಂತಾಯಿತು. ಕೊಳ್ಳಲಾಗದವರಿಗೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ ಇತ್ತು. ನಮ್ಮ ಅಪ್ಪಂದಿರ ತಲೆಮಾರು ಸೈಕಲ್ ಕಲಿತದ್ದು ಹಾಗೆಯೇ. ಸೀಟು ಎಟುಕದೆ ನಡುವಿನ ಕಂಬಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತ, ಅಂಗಡಿಯವನ ಗಡಿಯಾರಕ್ಕೆ ಹೆದರುತ್ತ.

ಬೆಂಗಳೂರಿನಲ್ಲಿ ಆಗ ದೊಡ್ಡ ಸರ್ಕಾರಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. 1940ರಲ್ಲೇ ಎಚ್.ಎ.ಎಲ್. ಬಂದಿತ್ತು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸುತ್ತಲಿನ ಹಳ್ಳಿಗಳಿಂದ, ಪೇಟೆಯ ವಠಾರಗಳಿಂದ ಕಾರ್ಮಿಕರು ಊಟದ ಡಬ್ಬಿ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಶಿಫ್ಟಿಗೆ ಹೊರಡುತ್ತಿದ್ದರು. ಕಾರ್ಖಾನೆಗೊಂದು ಸೈಕಲ್ ಸ್ಟ್ಯಾಂಡ್, ಸಿನಿಮಾ ಟಾಕೀಸಿಗೊಂದು ಸೈಕಲ್ ಸ್ಟ್ಯಾಂಡ್, ಆಸ್ಪತ್ರೆ, ಕೋರ್ಟು, ಕಾಲೇಜಿಗೂ ಒಂದೊಂದು. ಚೀಟಿ ಹರಿದು ಕೊಡಲು ಒಬ್ಬ ಆಳು. ಸೈಕಲ್‌ನವರಿಗೆ ಜಾಗ ಮಾಡಿಕೊಡಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಬದಲಾವಣೆ ಒಂದೇ ದಿನಕ್ಕೆ ಬರಲಿಲ್ಲ. 1970ರ ದಶಕದಲ್ಲಿ ಲೂನಾ ಬಂತು. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂತು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಹೆಂಡತಿ, ಎರಡು ಮಕ್ಕಳು, ಎಲ್ಲವನ್ನೂ ಹೊತ್ತ ಆ ಗಾಡಿಯ ಬಗ್ಗೆ ನಮಗೆ ದೂರಿಲ್ಲ, ಅದಕ್ಕೇ ಬೇರೆ ಒಂದು ಬರಹ ಬೇಕು. 1985ರಲ್ಲಿ ಸೈಕಲ್ ಮಾಡುತ್ತಿದ್ದ ಅದೇ ಹೀರೊ ಮನೆತನ ಜಪಾನಿನ ಹೊಂಡಾ ಜೊತೆ ಸೇರಿ ಬೈಕ್ ಬಿಟ್ಟಿತು. ದುಡಿದು ದಣಿದವನಿಗೆ ತುಳಿಯದೆ ಹೋಗುವ ಗಾಡಿ ಸಿಕ್ಕರೆ ಕೊಳ್ಳದೆ ಇರುತ್ತಾನೆಯೇ?

ಇಲ್ಲಿಗೇ ನಿಲ್ಲಿಸಿದರೆ ಕಥೆ ಸಲೀಸು: ಜನರ ಕೈಯಲ್ಲಿ ಕಾಸು ಬಂತು, ಸೈಕಲ್ ಬಿಟ್ಟರು. ನಾವೂ ಮೊದಲು ಓದಿದ್ದು ಇದನ್ನೇ. ಆದರೆ 2011ರ ಜನಗಣತಿಯ ಒಂದು ಲೆಕ್ಕ ಬೇರೆಯೇ ಹೇಳುತ್ತದೆ. ಕೃಷಿ ಬಿಟ್ಟು ಬೇರೆ ಕೆಲಸ ಮಾಡುವವರು ಕೆಲಸಕ್ಕೆ ಹೇಗೆ ಹೋಗುತ್ತೀರಿ ಅಂತ ಆ ಸಲ ಕೇಳಿದ್ದರು. ದೇಶದಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ ಅಂದರು. ಬೈಕು, ಸ್ಕೂಟರು, ಮೊಪೆಡ್ ಎಲ್ಲ ಸೇರಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಸೈಕಲ್ ಹೋಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದ ವರ್ಷದಲ್ಲೂ ಕೋಟಿಗಟ್ಟಲೆ ಜನ ತುಳಿಯುತ್ತಲೇ ಇದ್ದರು. ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ.

ಕಣ್ಣಿಗೆ ಬೀಳದವರಿಗೆ ಏನಾಗುತ್ತದೆ ಅನ್ನುವುದಕ್ಕೆ ಕೋಲ್ಕತ್ತದ ಸಂಗತಿ ನೋಡಿ.

ಕೋಲ್ಕತ್ತ ಇಕ್ಕಟ್ಟಾದ ಊರು. ಊರಿನ ವಿಸ್ತಾರದಲ್ಲಿ ರಸ್ತೆಗೆ ಸಿಕ್ಕಿರುವ ಪಾಲು ತುಂಬ ಕಡಿಮೆ. 2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಮಾಡಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಓಡಾಟದಲ್ಲಿ ನೂರಕ್ಕೆ 11 ಪಾಲು ಸೈಕಲ್‌ನದು, 8 ಪಾಲು ಕಾರಿನದು. ಕಾರಿಗಿಂತ ಸೈಕಲ್ಲೇ ಹೆಚ್ಚು. ಹೀಗಿದ್ದೂ ಅದೇ ಹೊತ್ತಿನಿಂದ ಪೊಲೀಸರು ಕೆಲವು ರಸ್ತೆಗಳಲ್ಲಿ ಸೈಕಲ್ ನಿಷೇಧಿಸುತ್ತ ಬಂದರು. 2013ರ ಹೊತ್ತಿಗೆ ಪಟ್ಟಿ 174 ರಸ್ತೆಗೆ ಏರಿತು. ಕೊಟ್ಟ ಕಾರಣ: ನಿಧಾನದ ಗಾಡಿಗಳಿಂದ ವೇಗದ ಗಾಡಿಗಳಿಗೆ ತೊಂದರೆ.

ಹೊಡೆತ ಬಿದ್ದದ್ದು ಯಾರಿಗೆ? ಹಾಲಿನವರು, ಪೇಪರಿನವರು, ಮೀನು ಮಾರುವವರು, ಬಡಗಿ, ಪ್ಲಂಬರ್, ಟೈಲರ್. ಬಹಳ ಮಂದಿ ಸುತ್ತಲಿನ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಬಂದವರು. ಹಿಡಿದರೆ ದಂಡ. ದಂಡ ಕಟ್ಟಿದರೆ ಆ ದಿನದ ಸಂಪಾದನೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಬಳಸು ದಾರಿ ಹಿಡಿಯಿರಿ ಅನ್ನುವುದು ಸುಲಭ. ಎಂಜಿನ್ ಇದ್ದವನಿಗೆ ಎರಡು ಕಿಲೋಮೀಟರ್ ಸುತ್ತು ಅಂದರೆ ಚಮಚದಷ್ಟು ಪೆಟ್ರೋಲು. ಎಪ್ಪತ್ತು ಕೆಜಿ ಮೂಟೆ ಹೇರಿಕೊಂಡು ತುಳಿಯುವವನಿಗೆ ಅದು ಮೈಬೆವರು. ನಮ್ಮ ಊರುಗಳ ಒನ್‌ವೇಗೂ ಫ್ಲೈಓವರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಆ ಏರನ್ನು ಗೆರೆ ಎಳೆದವರು ತುಳಿದು ಹತ್ತಿ ನೋಡಿರಲಾರರು.

ಇದರ ಮುಂದಿನ ಭಾಗ ಓದಿದಾಗ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 2015ರಲ್ಲಿ ಅದೇ ರಾಜ್ಯದ ಸರ್ಕಾರ ‘ಸಬುಜ್ ಸಾಥಿ’ ಎಂಬ ಯೋಜನೆ ತಂದು 9ರಿಂದ 12ನೇ ತರಗತಿಯ ಮಕ್ಕಳಿಗೆ ಲಕ್ಷಗಟ್ಟಲೆ ಸೈಕಲ್ ಹಂಚಿತು. ಒಳ್ಳೆಯ ಯೋಜನೆಯೇ. ಆದರೆ ಆ ಹುಡುಗ ಸೈಕಲ್ ತುಳಿದು ಓದಿ, ಅದೇ ಸೈಕಲ್ಲಿನಲ್ಲಿ ರಾಜಧಾನಿಗೆ ಕೆಲಸಕ್ಕೆ ಬಂದರೆ, ಹಲವು ರಸ್ತೆಗಳಲ್ಲಿ ಅವನು ತಪ್ಪಿತಸ್ಥ. ಹಳ್ಳಿಯಲ್ಲಿ ಬಹುಮಾನ, ಪೇಟೆಯಲ್ಲಿ ದಂಡ.

ದೆಹಲಿಯ ಕಥೆ ಇನ್ನೊಂದು ಬಗೆ. 2008ರಲ್ಲಿ ಅಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್ ತನಕ ಸುಮಾರು 6 ಕಿಲೋಮೀಟರ್ ರಸ್ತೆಯಲ್ಲಿ ಬಸ್ಸಿಗೆ ಬೇರೆ, ಸೈಕಲ್‌ಗೆ ಬೇರೆ ದಾರಿ ಮಾಡಿದರು. ಕಾರಿಗೆ ಉಳಿದ ದಾರಿ ಕಿರಿದಾಯಿತು, ಕೂಗು ಎದ್ದಿತು, ತೆಗೆಸಿ ಅಂತ ಹೈಕೋರ್ಟಿಗೆ ಅರ್ಜಿ ಹೋಯಿತು. 2012ರಲ್ಲಿ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಹಾಗಿದ್ದೂ 2016ರಲ್ಲಿ ಆ ದಾರಿಯನ್ನು ಕಿತ್ತುಹಾಕಿದರು. ಅದನ್ನು ಕಟ್ಟಿದ ರೀತಿಯಲ್ಲಿ ಕೊರತೆಗಳೂ ಇದ್ದವು ನಿಜ. ಆದರೆ ಕೊರತೆ ಇದ್ದ ಫ್ಲೈಓವರನ್ನು ಯಾರೂ ಅಷ್ಟು ಬೇಗ ಕೆಡವುವುದಿಲ್ಲ.

ಇದು ನಮ್ಮ ದೇಶದ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್ ಎಂಬ ಪುಟ್ಟ ದೇಶ ಸೈಕಲ್‌ಗೆ ಹೆಸರುವಾಸಿ, ಅಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು. ಅವರದ್ದು ಸಮತಟ್ಟು ನೆಲ, ತಂಪು ಹವೆ, ಅದಕ್ಕೇ ಸೈಕಲ್ ಅಂತ ಹೇಳುವವರಿದ್ದಾರೆ. ಆದರೆ ಐವತ್ತು, ಅರವತ್ತರ ದಶಕದಲ್ಲಿ ಅವರೂ ನಮ್ಮ ಹಾಗೆಯೇ ಸೈಕಲ್ಲನ್ನು ಬದಿಗೆ ತಳ್ಳಿದ್ದರು. ಕಾರಿಗಾಗಿ ಮನೆಗಳನ್ನು ಕೆಡವಿದರು, ಕಾಲುವೆಗಳನ್ನು ಮುಚ್ಚಿದರು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ವಿಕ್ ಲಾಂಗನ್‌ಹಾಫ್ ಎಂಬ ಪತ್ರಕರ್ತರ ಮಗಳು. ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಕಾರು ಗುದ್ದಿ ಸತ್ತಿದ್ದಳು. 1972ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದಿತ್ತು. ಅಪಘಾತ ಅನ್ನಲಿಲ್ಲ, ಕೊಲೆ ಅಂದರು. ಪತ್ರಿಕೋದ್ಯಮ ಓದಿದವರಾಗಿ ನಾವು ಆ ಒಂದು ಪದದ ಮುಂದೆ ಸ್ವಲ್ಪ ಹೊತ್ತು ನಿಂತೆವು. ತಲೆಬರಹವೇ ಚಳವಳಿಯ ಹೆಸರಾಯಿತು. ತಾಯಂದಿರು, ಮಕ್ಕಳು ರಸ್ತೆಗೆ ಇಳಿದು ಕಾರು ತಡೆದರು. ಮರುವರ್ಷ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. 1973ರ ನವೆಂಬರ್ 4ರಿಂದ ಕೆಲವು ಭಾನುವಾರ ಕಾರು ಓಡಿಸುವುದನ್ನೇ ಅಲ್ಲಿನ ಸರ್ಕಾರ ನಿಲ್ಲಿಸಿತು. ಖಾಲಿ ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ತುಳಿದರು. ಆಮೇಲೆ ಹೇಗ್, ಟಿಲ್ಬರ್ಗ್ ಊರುಗಳಲ್ಲಿ ಪ್ರಯೋಗಕ್ಕೆ ಸೈಕಲ್ ದಾರಿ ಹಾಕಿದರು. ಡೆಲ್ಫ್ಟ್ ಎಂಬ ಊರಿನಲ್ಲಿ ಬಿಡಿ ಬಿಡಿ ದಾರಿಗಳನ್ನು ಒಂದಕ್ಕೊಂದು ಕೂಡಿಸಿದರು. ಅಲ್ಲಿ ವರ್ಷಕ್ಕೆ ರಸ್ತೆಯಲ್ಲಿ ಸಾಯುವವರು ಈಗ 700ರ ಆಸುಪಾಸು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಅವರಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರಕ್ಕಿಂತ ಹೆಚ್ಚು.

ನಮ್ಮಲ್ಲಿ ಸೈಕಲ್ ಮತ್ತೆ ಎಲ್ಲರ ಕಣ್ಣಿಗೆ ಬಿದ್ದದ್ದು 2020ರಲ್ಲಿ. ಲಾಕ್‌ಡೌನ್ ಆಗಿ ಬಸ್ಸು, ರೈಲು ನಿಂತಾಗ ಎಷ್ಟೋ ಕಾರ್ಮಿಕರು ಕೂಡಿಟ್ಟ ಕಾಸಿನಲ್ಲಿ ಸೈಕಲ್ ಕೊಂಡು ನೂರಾರು ಕಿಲೋಮೀಟರ್ ದೂರದ ಊರಿಗೆ ತುಳಿದರು. ಬಿಹಾರದ ಒಬ್ಬ ಹುಡುಗಿ ಗಾಯಗೊಂಡ ಅಪ್ಪನನ್ನು ಹಿಂದೆ ಕೂರಿಸಿಕೊಂಡು ದೆಹಲಿ ಪಕ್ಕದ ಗುರುಗ್ರಾಮದಿಂದ ದರ್ಭಂಗಾ ತನಕ ತುಳಿದಳು, ಸುಮಾರು 1,200 ಕಿಲೋಮೀಟರ್. ಅಜ್ಜನ ಕಾಲದಲ್ಲಾಗಿದ್ದರೆ ಡಬಲ್ಸ್ ಅಂತ ದಂಡ ಹಾಕುತ್ತಿದ್ದರು. ಆ ಜೂನ್‌ನಲ್ಲಿ ಕೋಲ್ಕತ್ತದ ಪೊಲೀಸರೂ ಹಲವು ರಸ್ತೆಗಳಲ್ಲಿ ಸೈಕಲ್‌ಗೆ ಬಿಡುವು ಕೊಟ್ಟರು. ಬಸ್ಸು ಸಾಲದೆ ಹೋಗಿತ್ತಲ್ಲ, ಜನ ಕೆಲಸಕ್ಕೆ ಬರಬೇಕಿತ್ತಲ್ಲ.

ನಮ್ಮ ರಾಜ್ಯದಲ್ಲಿ ಮೈಸೂರು 2017ರ ಜೂನ್‌ನಲ್ಲೇ ‘ಟ್ರಿಣ್ ಟ್ರಿಣ್’ ಅಂತ ಬಾಡಿಗೆ ಸೈಕಲ್ ತಂದಿತ್ತು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಅಪ್ಪಂದಿರ ಕಾಲದ ಬಾಡಿಗೆ ಅಂಗಡಿಯೇ ಹೊಸ ಅಂಗಿ ತೊಟ್ಟು ಬಂದ ಹಾಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ದಾರಿ ಗುರುತಿಸಿದರು, ಹೆಚ್ಚು ಕಾಲ ಅದು ಉಳಿಯಲಿಲ್ಲ. ಇನ್ನು 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್‌ಗಳೂ ಹತ್ತುವಂತಿಲ್ಲ. ಸೈಕಲ್ಲನ್ನು ಬದಿಗೆ ತಳ್ಳಿದ ಬೈಕನ್ನು ಈಗ ಕಾರು ತಳ್ಳುತ್ತಿದೆ. ಮಂಡ್ಯ, ರಾಮನಗರದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಂಗಳೂರಿನಲ್ಲಿ ಸೈಕಲ್ ನೋಡಬೇಕು ಅಂದರೆ ಬೆಳಗಿನ ಜಾವ ಐದಕ್ಕೆ ಏಳಬೇಕು. ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು, ಸ್ಟೀಲ್ ಡಬ್ಬಿಯಲ್ಲಿ ಟೀ ಮಾರುವವರು ಆಗ ರಸ್ತೆಯ ನಡುವೆಯೇ ನಿರಾಳವಾಗಿ ಹೋಗುತ್ತಿರುತ್ತಾರೆ. ಏಳೂವರೆಗೆ ಸ್ಕೂಲ್ ವ್ಯಾನುಗಳು ಶುರುವಾಗುತ್ತವೆ. ಆ ಹೊತ್ತಿಗೆ ಅವರು ಮನೆ ಸೇರಿರಬೇಕು, ಇಲ್ಲವೇ ಇಳಿದು ಚರಂಡಿ ಬದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಕು.